ಮೊಸರನ್ನ ನಿಲ್ಲಿಸಿದ ಮೂರು ವಾರ

ಹಸಿದದ್ದು ಐದು ವರ್ಷದ ಹುಡುಗಿ. ಬೈಸಿಕೊಂಡದ್ದು ಅವಳ ತಾಯಿ, ನನ್ನ ಅಕ್ಕ. ಸಲಹೆ ಕೊಟ್ಟವರಿಗೆ ಏನೂ ಆಗಲಿಲ್ಲ. ಅದನ್ನು ಮನೆಗೆ ಹೊತ್ತು ತಂದ ನನಗೂ ಆಗಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅಕ್ಕನ ಮನೆ ಮಂಡಿ ಮೊಹಲ್ಲಾದಲ್ಲಿ, ಭಾವನ ಬೇಳೆ ಅಂಗಡಿಯ ಮೇಲಿತ್ತು. ಮಗಳು ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಆಗಾಗ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಆಟಿಸಂ ಎಂದು ಗುರುತಿಸಿದ ವೈದ್ಯರು, ತಾಯಿ ಮಗುವನ್ನು ಸಾಕಷ್ಟು ಎತ್ತಿಕೊಂಡಿಲ್ಲ ಎಂದೂ ಸೇರಿಸಿದ್ದರು. ಇದು ಅನ್ಯಾಯವೆಂದು ನಾನು ಮಹಿಳಾ ಸಭೆಗಳಲ್ಲಿ ವಾದಿಸಿದ್ದೆ. ಆದ್ದರಿಂದ ಇನ್ನೊಂದು ಕ್ಲಿನಿಕ್ಕಿನವರು, ಕರುಳಿನ ಬ್ಯಾಕ್ಟೀರಿಯಾ ಮಿದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಹುದು, ಹಾಲು, ಮೊಸರು, ಗೋಧಿ ನಿಲ್ಲಿಸಿ ನೋಡಿ ಎಂದು ಚೀಟಿ ಬರೆದಾಗ ನನಗೆ ಸಂತೋಷವೇ ಆಯಿತು. ತಪ್ಪು ಅಕ್ಕನದಲ್ಲ, ಕಣ್ಣಿಗೆ ಕಾಣದ ಜೀವಿಗಳದು ಎಂದು ಮನೆಯವರಿಗೆ ವಿವರಿಸಿದೆ.

ಅಕ್ಕನ ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಹೊಟ್ಟೇದು ಅಂದ್ರೆ, ಆ ಹೊಟ್ಟೆಗೆ ಹಾಕ್ದೋರು ಯಾರು ಕಣಮ್ಮ? ನಾನಾ?" ಎಂದರು. "ಬಸ್ರೀಲಿ ಜ್ವರದ ಮಾತ್ರೆ ನುಂಗ್ಬೇಡ ಅಂದೆ. ಕೇಳಿದ್ಲಾ?"

ಅಕ್ಕನಿಗೆ ನಾನು ತಂದುಕೊಟ್ಟದ್ದು ಬಿಡುಗಡೆಯಲ್ಲ, ಇನ್ನೊಂದು ಆರೋಪ.

ಮಗು ತಿನ್ನುತ್ತಿದ್ದುದೇ ಮೊಸರನ್ನ. ಅದನ್ನು ನಿಲ್ಲಿಸಿದೆವು. ರಾಗಿ ಗಂಜಿಯ ಬಟ್ಟಲನ್ನು ಅವಳು ಪ್ರತಿ ಸಲವೂ ತಳ್ಳಿದಳು. ಮೂರನೆಯ ವಾರ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಹೊಟ್ಟೆ ಹಿಡಿದುಕೊಂಡು ಅಳುವುದು ಕಡಿಮೆಯಾಗಿತ್ತು; ಒಂದು ಬೆಳಿಗ್ಗೆ ನನ್ನ ಮುಖವನ್ನು ನೆಟ್ಟಗೆ ನೋಡಿದಳು. ಪಥ್ಯದ ಫಲವೋ, ನಿತ್ರಾಣವೋ, ನನಗೆ ಈಗಲೂ ತಿಳಿಯದು.

"ಮೊಸ್ರು ಕೊಡ್ತೀಯೇನೋ ಅಂತ ನೋಡಿದ್ಲು ಕಣೇ, ನಿನ್ ಚೆಂದಕ್ಕಲ್ಲ," ಎಂದ ಅಕ್ಕ ಅಲ್ಲೇ ಮೊಸರನ್ನ ಕಲಸಿ ತಿನ್ನಿಸಿಬಿಟ್ಟಳು.

ಕೆಲವು ವರ್ಷಗಳ ನಂತರ ಮತ್ತೊಬ್ಬ ವೈದ್ಯರು, ಒಳ್ಳೆಯ ಬ್ಯಾಕ್ಟೀರಿಯಾ ಬೇಕೆಂದು ದಿನಕ್ಕೆರಡು ಹೊತ್ತು ಮೊಸರನ್ನೇ ಬರೆದರು. "ಅಂಗಾದ್ರೆ ಅವತ್ತು ಯಾಕೆ ನಿಲ್ಸಿದ್ದು?" ಅತ್ತೆ ಕೇಳಿದ್ದು ಅಕ್ಕನನ್ನೇ.

ಕರುಳಿಗೂ ಮಿದುಳಿಗೂ ನಂಟಿದೆಯೆಂದು ಈಗಲೂ ಓದುತ್ತೇನೆ. ಕರುಳು ಹಾಗಿದ್ದುದರಿಂದ ಮಗು ಹೀಗಾಯಿತೇ, ಅಥವಾ ಮಗು ಹೀಗಿದ್ದು ಒಂದೇ ಬಗೆಯ ಊಟ ತಿಂದದ್ದರಿಂದ ಕರುಳು ಹಾಗಾಯಿತೇ? ಓದಿದಷ್ಟೂ ಗೊಂದಲ ಹೆಚ್ಚುತ್ತದೆ. ಗೊಂದಲಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಅದನ್ನು ಮುಚ್ಚಿಟ್ಟು ಚೀಟಿ ಬರೆದದ್ದನ್ನು ದೂರುತ್ತೇನೆ.

ಪಥ್ಯ ಬರೆಯುವ ವೈದ್ಯರೇ, ಮಗುವಿನ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮುನ್ನ, ಎಷ್ಟು ದಿನ ತೆಗೆಯಬೇಕು, ತೂಕ ಎಷ್ಟು ಇಳಿದರೆ ಮತ್ತೆ ಕೊಡಬೇಕು, ನಿಮಗೆ ತಿಳಿಯದಿರುವುದೇನು, ಇವನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿ. ಅದರ ಕೆಳಗೆ, ಇದಕ್ಕೆ ತಾಯಿ ಕಾರಣವಲ್ಲ ಎಂದೂ ಬರೆಯಿರಿ.