ಲೇಸರ್ ಬೇಡ ಎಂದವನು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಆ ಬೀದಿಯಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಜೆರಾಕ್ಸ್ ಅಣ್ಣ. ಅವನಿಗಿಂತ ಹತ್ತು ವರ್ಷ ದೊಡ್ಡವರಿಗೂ ಅಣ್ಣನೇ. ಮೂರು ಮಹಡಿಯ ಆಫೀಸು ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಕೂತರೆ ಮೊಣಕಾಲು ತಾಗುತ್ತದೆ. ಇಪ್ಪತ್ತೆರಡು ವರ್ಷ ಅಲ್ಲಿ ಅರ್ಧ ಬಗ್ಗಿಯೇ ನಿಂತು ನಿಂತು, ಈಗ ಬಯಲಿನಲ್ಲಿ ನಡೆಯುವಾಗಲೂ ಅವನು ಸ್ವಲ್ಪ ಬಗ್ಗಿಯೇ ಇರುತ್ತಾನೆ.

ಮಷೀನಿನ ವಿಷಯದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಸದ್ದು ಕೇಳಿಯೇ "ಈಗ ಪೇಪರ್ ಸಿಕ್ಕಾಕ್ಕೊಳ್ಳುತ್ತೆ ನೋಡಿ" ಎನ್ನುತ್ತಿದ್ದ, ಸಿಕ್ಕಿಕೊಳ್ಳುತ್ತಿತ್ತು. ಪ್ರಾಮಾಣಿಕತೆ ಎಂಬ ರೋಗವೂ ಅವನಿಗೆ ತಕ್ಕಮಟ್ಟಿಗೆ ಇತ್ತು. ಯಾರಾದರೂ ಹತ್ತು ಹಾಳೆ ಕೊಟ್ಟರೆ ತಿರುವಿ ನೋಡಿ, "ಈ ಎರಡು ಬೇಡ ಬಿಡಿ, ಇದನ್ನ ಯಾರೂ ಕೇಳಲ್ಲ" ಎಂದು ಎಂಟಕ್ಕೇ ಪ್ರತಿ ತೆಗೆಯುವ ಆಸಾಮಿ. ಇಂಥವನು ವ್ಯಾಪಾರಕ್ಕೆ ಯಾಕೆ ಬಂದನೋ ಎಂದು ಹೆಂಡತಿ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

ನಿಲ್ಲದೆ ಏನು ಮಾಡೀತು? ಮೇಲಿನ ಆಫೀಸುಗಳು ಒಂದೊಂದಾಗಿ ಖಾಲಿಯಾದವು. ಉಳಿದವರು ಫೋನಿನಲ್ಲಿ ಫೋಟೋ ತೆಗೆದು ಕಳಿಸುವುದನ್ನು ಕಲಿತರು. ಇನ್ನು ಕೆಲವರು ಮನೆಯಲ್ಲೇ ಆಫೀಸು ಮಾಡಿಕೊಂಡು, ಪ್ರಿಂಟರ್ ಯಾವುದು ತಗೊಳ್ಳಲಿ ಎಂದು ಕೇಳಲು ಇವನ ಹತ್ತಿರವೇ ಬಂದರು. ಟ್ಯೂಷನ್ ಮೇಷ್ಟ್ರು ಕೇಳಿದರು, ಎರಡನೇ ಮಹಡಿಯ ವಕೀಲರು ಕೇಳಿದರು. ಇವನೋ ಲೇಸರ್ರೇ ತಗೊಳ್ಳಿ, ಪ್ರಿಂಟು, ಕಾಪಿ, ಸ್ಕ್ಯಾನು ಮೂರೂ ಒಂದರಲ್ಲೇ ಇರಲಿ, ಎರಡೂ ಬದಿ ತಾನೇ ಹೊಡೆಯುವಂಥದ್ದು ನೋಡಿ ಎಂದು ಕೂರಿಸಿಕೊಂಡು ಪಾಠ ಹೇಳಿ ಕಳಿಸಿದ. ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

"ತಲೆ ಮೇಲೆ ತಾವೇ ಚಪ್ಪಡಿ ಎಳ್ಕೊಳ್ಳೋರನ್ನ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ" ಎಂದಳು ಹೆಂಡತಿ. "ಬಂದೋರಿಗೆಲ್ಲ ದಾರಿ ತೋರಿಸಿ ಕಳಿಸ್ತಿದೀರಲ್ಲ, ನಾವು ಎಲ್ಲಿಗೆ ಹೋಗೋಣ?"

ಕೊನೆಗೆ ಅಂಗಡಿ ನಿಂತದ್ದು ವಿಮೆ ಮೇಡಂ ಒಬ್ಬರ ಮೇಲೆ. ಆಕೆ ಹಿಂದೆ ಮೂರನೇ ಮಹಡಿಯ ವಿಮಾ ಏಜೆನ್ಸಿಯಲ್ಲಿದ್ದವರು; ಅದು ಮುಚ್ಚಿದ ಮೇಲೆ ಮನೆಯಿಂದಲೇ ರೋಗಿಗಳ ಕ್ಲೇಮ್ ಫೈಲು ಮಾಡಿಕೊಡುತ್ತಿದ್ದರು. ಆಸ್ಪತ್ರೆ ಬಿಲ್ಲು, ರಿಪೋರ್ಟು, ಔಷಧದ ಚೀಟಿ, ಎಲ್ಲವೂ ಮೂರು ಮೂರು ಸೆಟ್. ದಿನಾ ಹನ್ನೊಂದಕ್ಕೆ ಬರುತ್ತಿದ್ದರು. ಅಂಗಡಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದೇ.

ಒಂದು ದಿನ ಅವರೂ ಕೇಳಿದರು.

"ಅಣ್ಣಾ, ಮನೇಗೊಂದು ಪ್ರಿಂಟರ್ ತಗೋಬೇಕು. ಲೇಸರ್ ಮಲ್ಟಿಫಂಕ್ಷನ್ ಅಂತ ಒಂದು ನೋಡಿದೀನಿ, ಇಂಕಿಂದೂ ಒಂದಿದೆ. ನೀವು ಯಾವುದು ಅಂತೀರೋ ಅದು. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಆಕೆಗೆ ಬೇಕಾದದ್ದು ಲೇಸರ್ರೇ, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಕಪ್ಪು ಅಕ್ಷರ, ರಾಶಿ ರಾಶಿ ಹಾಳೆ, ನಾಕು ದಿನ ಮುಟ್ಟದಿದ್ದರೂ ಇಂಕಿನ ಹಾಗೆ ಒಣಗದ ಪುಡಿ. ಆ ಮಷೀನು ಆಕೆಯ ಮನೆ ಸೇರಿದರೆ ಐದು ವರ್ಷ ಗಟ್ಟಿಯಾಗಿ ದುಡಿಯುತ್ತದೆ. ಆಕೆಯ ಮುಖ ಇಲ್ಲಿ ಇನ್ನು ಕಾಣುವುದಿಲ್ಲ. ಈ ಲೆಕ್ಕವೆಲ್ಲ ಮುಗಿಯಲು ಅವನಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

"ಲೇಸರ್ ಬೇಡ ಮೇಡಂ" ಎಂದ. "ಮನೇಗೆ ಇಂಕಿಂದೇ ವಾಸಿ, ಕಲರೂ ಬರುತ್ತೆ. ಲೇಸರ್ ಅಂದ್ರೆ ಒಳಗೆಲ್ಲ ಪೌಡರು ನೋಡಿ. ಹಾರುತ್ತೆ."

"ಧೂಳಾಗುತ್ತಾ?" ಆಕೆಯ ದನಿ ಒಮ್ಮೆಲೇ ಬೇರೆಯಾಯಿತು.

"ಆಗದೆ ಇರುತ್ತಾ? ಉಸಿರಾಟಕ್ಕೆ ಒಳ್ಳೇದಲ್ಲ."

ಮುಚ್ಚಿದ ಡಬ್ಬಿಯೊಳಗಿನ ಪುಡಿ ಹಾಗೆಲ್ಲ ಮನೆ ತುಂಬ ಹಾರುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು! ಆಕೆ ಮರುಮಾತಿಲ್ಲದೆ ಒಪ್ಪಿಕೊಂಡದ್ದು ಕಂಡು ಅವನಿಗೇ ಆಶ್ಚರ್ಯವಾಯಿತು. ಮನೆಗೆ ಬಂದು ಜೋಡಿಸಿ ಕೊಡ್ತೀರಾ ಎಂದು ಕೇಳಿದ್ದಕ್ಕೆ ಕೆಲಸ ಜಾಸ್ತಿ ಎಂದು ಜಾರಿಕೊಂಡ. ಕೆಲಸ ಎಲ್ಲಿತ್ತು? ತಾನು ಹೇಳಿದ ಸುಳ್ಳು ಆಕೆಯ ಮೇಜಿನ ಮೇಲೆ ಕೂತಿರುವುದನ್ನು ನೋಡಲು ಅವನಿಗೆ ಮುಖವಿರಲಿಲ್ಲ, ಅಷ್ಟೇ.

ಹೆಂಡತಿಗೆ ಹೇಳಿದಾಗ ಅವಳು ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಈಗಲಾದ್ರೂ ಬುದ್ಧಿ ಬಂತಲ್ಲ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಇಂಕು ಒಣಗಬೇಕು, ಗೆರೆ ಬೀಳಬೇಕು, ಮೇಡಂ ಬರಬೇಕು. ಒಳ್ಳೆಯ ಮನುಷ್ಯನೊಬ್ಬ ಇನ್ನೊಬ್ಬರ ಮನೆಯ ಮಷೀನು ಕೆಡಲಿ ಎಂದು ದಿನಾ ಬೆಳಿಗ್ಗೆ ಹಾರೈಸುವಷ್ಟು ಕೆಳಗಿಳಿದಿದ್ದ, ಮತ್ತು ಅದು ಅವನಿಗೆ ಗೊತ್ತಿತ್ತು. ಹನ್ನೊಂದು ಗಂಟೆಗೆ ಬೀದಿಯ ಕಡೆ ನೋಡುವುದು, ಹನ್ನೊಂದೂವರೆಗೆ ಬಿಡುವುದು. ಒಂದು ತಿಂಗಳು ಹೋಯಿತು. ಎರಡನೆಯದರಲ್ಲಿ ಕಟ್ಟಡದ ಮಾಲೀಕರು, ಜಾಗ ಬಿಟ್ಟುಕೊಡುವ ಯೋಚನೆ ಇದೆಯಾ ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದರು.

ಮೂರನೇ ತಿಂಗಳು ಮೇಡಂ ಬಂದರು. ಬಂದರು ಅನ್ನುವುದಕ್ಕಿಂತ ಓಡಿಕೊಂಡು ಬಂದರು. ಕಣ್ಣ ಕೆಳಗೆ ಕಪ್ಪು, ಕೂದಲು ಬಾಚಿರಲಿಲ್ಲ, ಕೈಯಲ್ಲಿ ದಪ್ಪನೆಯ ಫೈಲು.

"ಅಣ್ಣಾ, ಮೂರು ಸೆಟ್. ಬೇಗ ಆಗುತ್ತಾ? ಅಪ್ಪನ್ನ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ಕೊಂಡು ಬಂದಿದೀನಿ."

ಅವನ ಕೈ ಗುಂಡಿಯ ಮೇಲೇ ನಿಂತಿತು. "ಅಪ್ಪನ್ನ?"

"ಅವರಿಗೆ ಶ್ವಾಸಕೋಶ ಕೆಟ್ಟಿದೆ ಅಣ್ಣಾ, ಎದ್ದು ಓಡಾಡೋ ಹಾಗಿಲ್ಲ. ಒಬ್ಬರನ್ನೇ ಬಿಟ್ಟು ಬರಬಾರದು ಅಂತಲೇ ಪ್ರಿಂಟರ್ ತಗೊಂಡಿದ್ದು. ಹತ್ತು ದಿನ ಅವರನ್ನ ಆಸ್ಪತ್ರೇಗೆ ಸೇರಿಸಿದ್ದೆ, ಮಷೀನ್ ಮುಟ್ಟಿರಲಿಲ್ಲ. ಬಂದು ನೋಡಿದ್ರೆ ಬರೀ ಗೆರೆ. ಒದ್ದೆ ಕೈ ತಾಗಿ ಒಂದು ಬಿಲ್ಲಿನ ಅಂಕಿ ಹರಡಿ ಫೈಲೇ ವಾಪಸ್ ಬಂತು. ನನಗೆ ಬಳಸೋಕೆ ಬರಲಿಲ್ಲ ಬಿಡಿ. ಇನ್ನೊಂದು ತಗೊಳ್ಳೋ ಶಕ್ತಿ ಈ ವರ್ಷ ಇಲ್ಲ."

ಅವನು ಗುಂಡಿ ಒತ್ತಿದ; ಮಷೀನು ಹಾಳೆಗಳನ್ನು ಒಂದೊಂದಾಗಿ ಉಗುಳತೊಡಗಿತು. ಆಕೆ ಅದನ್ನೂ ಗೋಡೆ ಗಡಿಯಾರವನ್ನೂ ಸರದಿಯಂತೆ ನೋಡುತ್ತಿದ್ದರು. ಇಷ್ಟು ದಿನ ಕಾದದ್ದು ಇದಕ್ಕೇ ತಾನೇ? ಬೇಡಿಕೊಂಡದ್ದು ಕೈಗೆ ಬಂದು ಕೂತಿತ್ತು. ಆವತ್ತು ಆ ಮನೆಗೆ ಹೋಗಿದ್ದರೆ ಮಂಚದ ಮೇಲಿದ್ದವರನ್ನು ಕಾಣುತ್ತಿದ್ದ. ಕಂಡಿದ್ದರೆ ಅಲ್ಲೇ ಮಾತು ಬದಲಿಸುತ್ತಿದ್ದ. ಹೋಗಲಿಲ್ಲ.

"ಮೇಡಂ" ಎಂದ, ತಲೆ ಎತ್ತದೆ. "ನಾನು ಬೇಕಂತಲೇ ತಪ್ಪು ಹೇಳಿದೆ. ನಿಮಗೆ ಲೇಸರ್ರೇ ಸರಿ ಇತ್ತು. ನೀವು ಇಲ್ಲಿಗೆ ಬರೋದು ನಿಂತುಹೋಗುತ್ತೆ ಅಂತ ಸುಳ್ಳು ಹೇಳಿದೆ."

ಆಕೆ ಅವನನ್ನು ಒಂದು ಕ್ಷಣ ನೋಡಿದರು. ಆಮೇಲೆ ನಕ್ಕರು, ತುಂಬ ದಣಿದವರು ನಗುವ ಹಾಗೆ.

"ಸುಮ್ನಿರಿ ಅಣ್ಣಾ. ನನ್ನ ಸಮಾಧಾನಕ್ಕೆ ತಪ್ಪನ್ನೆಲ್ಲ ನಿಮ್ಮ ಮೇಲೆ ಎಳ್ಕೋಬೇಡಿ."

"ಇಲ್ಲ ಮೇಡಂ, ನಿಜವಾಗ್ಲೂ..."

"ನೀವಾ ಸುಳ್ಳು ಹೇಳೋರು? ಎರಡು ಹಾಳೆ ಜಾಸ್ತಿ ತೆಗೆಯೋಕೆ ಮನಸ್ಸು ಬರದೋರು! ಪೌಡರ್ ಹಾರುತ್ತೆ ಅಂತ ನೀವು ಮೊದಲೇ ಹೇಳಿದ್ದು ನಮ್ಮ ಪುಣ್ಯ. ಇಲ್ಲದಿದ್ರೆ ಅದೆಲ್ಲ ಅಪ್ಪನ ಎದೆಗೇ ಹೋಗ್ತಿತ್ತು. ಅವರಿಗೂ ಹೇಳಿದೀನಿ, ಇಂಥ ಒಬ್ಬರಿದಾರೆ ಅಂತ."

"ಹಾಗಾದ್ರೆ ಇನ್ಮೇಲೆ ನೀವು ಬರಬೇಡಿ, ನಾನೇ ಮನೇಗೆ ಬಂದು ತಗೊಂಡು ಹೋಗಿ ತಂದುಕೊಡ್ತೀನಿ" ಎಂದ. ಅದೊಂದಾದರೂ ತನ್ನ ಕೈಲಾಗುತ್ತದೆ ಎಂದುಕೊಂಡ.

"ನನಗೋಸ್ಕರ ನೀವು ಅಂಗಡಿ ಬಾಗಿಲು ಹಾಕ್ಕೊಂಡು ಓಡಾಡಬೇಕಾ? ಈಗಲೇ ಜನ ಕಮ್ಮಿ. ಆ ಪಾಪ ನನಗೆ ಬೇಡ ಅಣ್ಣಾ."

ಆಕೆ ಸೆಟ್ಟುಗಳನ್ನು ಎದೆಗವಚಿಕೊಂಡು ಮೆಟ್ಟಿಲ ಕೆಳಗಿಂದ ಬಗ್ಗಿ ಹೊರಬಂದರು. ರಸ್ತೆಗೆ ಕಾಲಿಟ್ಟವರು ತಿರುಗಿ, ಅವನ ಮನಸ್ಸಿಗೆ ನೆಮ್ಮದಿಯಾಗಲಿ ಎಂಬಂತೆ ಗಟ್ಟಿಯಾಗಿ ಹೇಳಿದರು:

"ನಾಳೆ ಹನ್ನೊಂದಕ್ಕೇ ಬರ್ತೀನಿ. ಯೋಚನೆ ಮಾಡಬೇಡಿ, ಒಬ್ಬರೇ ಇರೋದನ್ನ ಅಪ್ಪನೂ ಕಲ್ತುಕೋತಾರೆ."