ಬುಸ್ಸಪ್ಪನ ಚಪ್ಪಾಳೆ

ಬುಸ್ಸಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಸಂಗೀತ ಕೇಳಲು ಬಂದು ಅವನ ಕೈಲಿ ಸಿಕ್ಕಿಬಿದ್ದವರು ಇಟ್ಟದ್ದು. ಹೆತ್ತವರು ಇಟ್ಟ ಹೆಸರು ಅವನ ಕನ್ನಡಕದಂಗಡಿಯ ಬೋರ್ಡಿನ ಮೇಲಿದೆ. ಬೋರ್ಡು ಓದಲಾಗದವರೇ ಆ ಅಂಗಡಿಗೆ ಬರುವುದರಿಂದ ಅದು ಯಾರ ಬಾಯಲ್ಲೂ ನಿಂತಿಲ್ಲ.

ಅಂಗಡಿಯಲ್ಲಿ ಅವನ ನಾಲಿಗೆ ಎಂಥದ್ದೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರೋ ಹೆಂಗಸು ಕನ್ನಡಿಯ ಮುಂದೆ ನಿಂತು, ಫ್ರೇಮಿನ ಮೇಲೆ ಫ್ರೇಮು ಹಾಕಿ ತೆಗೆದು, "ಯಾವುದು ಒಪ್ಪುತ್ತೆ ಹೇಳಿ" ಎಂದು ಕೇಳಿದರೆ, "ಕಣ್ಣು ಕಾಣೋ ಹಾಗೆ ಮಾಡೋದು ನನ್ನ ಕೆಲಸ ಅಮ್ಮ. ಒಪ್ಪೋ ಹಾಗೆ ಮಾಡೋದು ಹುಟ್ಟೋಕೆ ಮುಂಚೆ ಆಗ್ಬೇಕಿತ್ತು" ಎನ್ನುತ್ತಾನೆ. ಗಂಡಸರು ಬೆಲೆ ಕೇಳಿ ಹುಬ್ಬೇರಿಸಿದರೆ, ಪಕ್ಕದ ಬೀದಿಯಲ್ಲಿ ಭೂತಗನ್ನಡಿ ಅಗ್ಗಕ್ಕೆ ಸಿಗುತ್ತದೆಂದು ದಾರಿ ತೋರಿಸುತ್ತಾನೆ. ಇಷ್ಟಾದರೂ ಜನ ಬರುವುದು ನಿಂತಿಲ್ಲ, ಯಾಕೆಂದರೆ ಅವನು ಕೂರಿಸಿದ ಕನ್ನಡಕ ಮೂಗಿನಿಂದ ಜಾರುವುದಿಲ್ಲ. ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದೆ ಹದವಾಗಿ ಬಗ್ಗಿಸುವುದರಲ್ಲಿ ಅವನದು ಎತ್ತಿದ ಕೈ. ಕೈ ನೋಡಿ ಬರುತ್ತಾರೆ, ಬಾಯಿಯನ್ನು ಸಹಿಸಿಕೊಳ್ಳುತ್ತಾರೆ.

ಇಂಥವನಿಗೆ ಸಂಗೀತ ಎಲ್ಲಿಂದ ಅಂಟಿತು ಅಂತೀರಾ? ಊರು ಬಿಟ್ಟು ಹೊರಟ ಮುದುಕರೊಬ್ಬರು, ಅಂಗಡಿಯ ಹಳೆಯ ಗಿರಾಕಿ, ಹೊರಲಾರದೆ ಒಂದು ಗ್ರಾಮಾಫೋನನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಇವನ ತಲೆಗೆ ಕಟ್ಟಿ ಹೋದರು. ಮಧ್ಯಾಹ್ನ ಊಟವಾದ ಮೇಲೆ ಷಟರ್ ಅರ್ಧ ಇಳಿಸಿ ಇವನು ಕೇಳುತ್ತ ಕೂತ. ಪಿಟೀಲು ಎರಡು, ಅದಕ್ಕಿಂತ ತುಸು ದೊಡ್ಡದಾದ ವಿಯೋಲ ಒಂದು, ನೆಲಕ್ಕೂರಿ ನುಡಿಸುವ ಆಳೆತ್ತರದ ಚೆಲ್ಲೊ ಒಂದು, ನಾಲ್ವರು ಎದುರುಬದುರು ಕೂತು ನುಡಿಸುವ ಪಾಶ್ಚಾತ್ಯ ಸಂಗೀತ. ಕೇಳಿ ಕೇಳಿ ಆ ಪೆಟ್ಟಿಗೆಯಷ್ಟೂ ಬಾಯಿಪಾಠವಾಯಿತು. ಒಂದು ಸ್ವರ ಬರೆದು ತೋರಿಸಿದರೆ ಗುರುತು ಹತ್ತದು, ಒಂದು ಸಾಲು ಗುನುಗು ಅಂದರೆ ಗಂಟಲು ಏಳದು. ಆದರೂ ಊರಿನಲ್ಲಿ ಸಂಗೀತ ಬಲ್ಲವನು ತಾನೊಬ್ಬನೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಊರಿನ ಕಲಾಮಂದಿರವೆಂದರೆ ಹಿಂದೊಮ್ಮೆ ಬಟ್ಟೆಯ ಗೋದಾಮಾಗಿದ್ದ ಉದ್ದನೆಯ ಕೋಣೆ. ಬೇಲುಗಳಿದ್ದ ಜಾಗದಲ್ಲಿ ಈಗ ಮಡಚುವ ಕುರ್ಚಿಗಳು. ತಿಂಗಳಿಗೊಮ್ಮೆ ಸಂಜೆ ಅಲ್ಲಿ ಕಚೇರಿ. ಫ್ಯಾನುಗಳು ಕಿರುಗುಟ್ಟುತ್ತವೆಂದು ನುಡಿಸುವ ಹೊತ್ತಿಗೆ ಆರಿಸಿಬಿಡುತ್ತಾರೆ, ಕಲೆಗಾಗಿ ಎಲ್ಲರೂ ಬೆವರುತ್ತಾರೆ. ಡಾಕ್ಟರು, ಅವರ ಹೆಂಡತಿ, ಕಾಲೇಜಿನ ಮೇಷ್ಟ್ರು, ಮಕ್ಕಳನ್ನು ಸಂಗೀತ ಶಾಲೆಗೆ ಹಾಕಿದ ತಾಯಂದಿರು, ಮನೆಯಲ್ಲಿ ಜಗಳವಾಡಿ ಬೇರೆಲ್ಲೂ ಹೋಗಲು ಜಾಗವಿಲ್ಲದವರು ಇಬ್ಬರು ಮೂವರು, ಇಷ್ಟೇ ರಸಿಕವರ್ಗ. ಇವರಿಗೆಲ್ಲ ಇದ್ದ ಭಯ ಒಂದೇ: ಚಪ್ಪಾಳೆ ಎಲ್ಲಿ ಹೊಡೆಯಬೇಕು?

ಈ ಸಂಗೀತದಲ್ಲಿ ಒಂದು ಕೃತಿಗೆ ಮೂರೋ ನಾಲ್ಕೋ ಭಾಗ. ಒಂದು ಭಾಗ ಮುಗಿದಾಗ ನುಡಿಸುವವರು ಹಾಳೆ ತಿರುಗಿಸಿ ಹಣೆ ಒರೆಸಿಕೊಳ್ಳುತ್ತಾರೆ. ಮುಗಿಯಿತೆಂದು ಹೊಸಬರು ಚಪ್ಪಾಳೆ ಹೊಡೆದುಬಿಡುತ್ತಾರೆ. ಹೊಡೆಯಬಾರದಂತೆ. ಕೊನೆಯ ಭಾಗ ಮುಗಿಯುವವರೆಗೂ ಕೈ ಮಡಿಲಲ್ಲಿಟ್ಟುಕೊಂಡು ತುಟಿ ಪಿಟಕ್ಕೆನ್ನದೆ ಕೂರಬೇಕಂತೆ. ಯಾರು ಮಾಡಿದ ಕಾನೂನೋ, ಯಾಕೆ ಮಾಡಿದರೋ, ಅಲ್ಲಿದ್ದ ಒಬ್ಬರಿಗೂ ಗೊತ್ತಿಲ್ಲ. ಆದರೆ ಅದನ್ನು ಮುರಿಯುವ ದಡ್ಡ ತಾನಾಗಬಾರದೆಂಬುದು ಎಲ್ಲರಿಗೂ ಗೊತ್ತು. ಆ ಭಯವೇ ಬುಸ್ಸಪ್ಪನ ಆಸ್ತಿಯಾಯಿತು.

ಒಮ್ಮೆ ಮುಖ್ಯ ಅತಿಥಿಯಾಗಿ ಬಂದಿದ್ದ ನಗರಸಭೆಯ ಅಧ್ಯಕ್ಷರು ಮೊದಲ ಭಾಗಕ್ಕೇ ಚಪ್ಪಾಳೆ ಶುರು ಮಾಡಿದರು. ಮುಂದಿನ ಸಾಲಿನ ಅಂಚಿನಿಂದ "ಶ್ಶ್" ಎಂಬ ಸದ್ದು ಬಂತು, ನಮ್ಮವನದೇ. ಅಧ್ಯಕ್ಷರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಾರ್ಯಕ್ರಮ ಮುಗಿಯುವವರೆಗೂ ಅವುಗಳ ಮೇಲೇ ಕೂತಿದ್ದರು. ಆವತ್ತಿನಿಂದ ಆ ಅಂಚಿನ ಕುರ್ಚಿ ಅವನಿಗೆ ಮೀಸಲು. ಪೂರ್ತಿ ಹಿಂದೆ ತಿರುಗುವುದೂ ಬೇಡ, ಗದ್ದ ಸ್ವಲ್ಪ ಭುಜದ ಕಡೆ ವಾಲಿದರೆ ಸಾಕು, ಹಿಂದಿನ ಸಾಲಿನಲ್ಲಿ ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಬರಬರುತ್ತ ಜನ ಸಂಗೀತ ಕೇಳುವುದನ್ನೇ ಬಿಟ್ಟು ಅವನ ಕತ್ತಿನ ಹಿಂಭಾಗವನ್ನು ನೋಡುತ್ತ ಕೂರತೊಡಗಿದರು. ಅವನು ಎರಡು ಬೆರಳನ್ನು ಇನ್ನೊಂದು ಅಂಗೈಗೆ ಮೆಲ್ಲಗೆ ತಾಕಿಸಿದರೆ, ಅದು ಅವನ ಚಪ್ಪಾಳೆ, ಆಗ ಇಡೀ ಸಭೆ ಪಟಪಟನೆ ಹೊಡೆದು ನಿಟ್ಟುಸಿರು ಬಿಡುತ್ತಿತ್ತು.

ಅವನಿಗೊಬ್ಬಳೇ ಮಗಳು. ಮಧ್ಯಾಹ್ನಗಳಲ್ಲಿ ಅಂಗಡಿಯ ಮೂಲೆಯಲ್ಲಿ ಕೂತು ಅದೇ ರೆಕಾರ್ಡುಗಳನ್ನು ಕೇಳಿ ಬೆಳೆದವಳು ಚೆಲ್ಲೊ ಕಲಿತಳು, ಸಂಗೀತ ಶಾಲೆಯಲ್ಲೇ ಪಾಠ ಹೇಳುವಷ್ಟಾದಳು. ಬೇರೆ ಅಪ್ಪನಾಗಿದ್ದರೆ ಬೀದಿಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಬುಸ್ಸಪ್ಪನ ತಂಗಿಯ ಮನೆಯಲ್ಲಿ ಒಂದು ದಿನ ನೆಂಟರೆಲ್ಲ ಸೇರಿ, ಅವಳ ಕೈಲಿ ನುಡಿಸಿ, ಮನಸಾರೆ ಕೈ ತಟ್ಟಿ, "ನೀನೊಂದು ಮಾತು ಹೇಳಣ್ಣ" ಎಂದು ತಂಗಿ ಅಣ್ಣನತ್ತ ತಿರುಗಿದಾಗ ಅವನೆಂದ:

"ನಮ್ಮನೆ ಬಾಗಿಲಿಗೆ ಎಣ್ಣೆ ಹಾಕಿಸ್ದೆ ಇದ್ದಿದ್ರೆ ಸಾಕಿತ್ತು. ಇಷ್ಟು ವರ್ಷ ಪಾಠಕ್ಕೆ ಕಳ್ಸೋ ತಾಪತ್ರಯ ಉಳೀತಿತ್ತು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳೂ ನಕ್ಕಳು. ಅದೇ ವಾರ ಬಟ್ಟೆಬರೆ ಕಟ್ಟಿಕೊಂಡು, ಚೆಲ್ಲೊ ಬೆನ್ನಿಗೇರಿಸಿಕೊಂಡು, ಶಾಲೆಯ ಹತ್ತಿರ ಗೆಳತಿಯರ ಮನೆಗೆ ಹೋದಳು. ಆಮೇಲೆ ಅಪ್ಪನ ಮನೆಯ ಹೊಸಿಲು ತುಳಿಯಲಿಲ್ಲ. ತಾಯಿಯ ಜೊತೆ ಫೋನಿನಲ್ಲಿ ಮಾತು, ಅಪ್ಪನ ಜೊತೆ ಅದೂ ಇಲ್ಲ.

ನಿಜ ಹೇಳಬೇಕೆಂದರೆ ಅವಳು ನುಡಿಸಿದ್ದು ಅವನ ಹೊಟ್ಟೆಯೊಳಗೆ ಇಳಿದಿತ್ತು. ಆದರೆ ಹೊಗಳಿಕೆ ನಾಲಿಗೆಯ ತುದಿಗೆ ಬರುವ ಹೊತ್ತಿಗೆ ದಾರಿಯಲ್ಲಿ ಹುಳಿಯಾಗಿಬಿಡುವುದು ಅವನ ಹುಟ್ಟುಗುಣ. ನಾಲ್ಕು ಜನರ ಮುಂದೆ ಮೆಚ್ಚಿದರೆ ತನ್ನ ತೂಕ ಕಮ್ಮಿಯಾಗುತ್ತದೆಂದು ನಂಬಿದ ಜಾತಿಯ ಮನುಷ್ಯ. ಇಂಥವರಿಗೆ ಮಕ್ಕಳಾಗಬಾರದು, ಆದರೆ ಆಗುತ್ತವೆ.

ಮಗಳಿಲ್ಲದ ಮನೆಯಲ್ಲಿ ಎರಡು ವರ್ಷ ಕಳೆದ ಮೇಲೆ, ಒಂದು ದಿನ ಹೆಂಡತಿ ಅವನ ತಟ್ಟೆಗೆ ಬಡಿಸುತ್ತ ಹೇಳಿದಳು:

"ಈ ತಿಂಗಳು ಕಲಾಮಂದಿರದಲ್ಲಿ ಅವಳದೇ ತಂಡ. ನೀವು ಬರ್ಬೇಕಂತೆ."

"ಅವಳು ಹೇಳಿದ್ಲಾ, ನೀನು ಸೇರಿಸ್ಕೊಂಡೆಯಾ?"

"ಅವಳೇ ಹೇಳಿದ್ದು. ಅಪ್ಪ ಬರ್ಲಿ, ಬಾಯಿ ಮಾತ್ರ ಬಿಡಬಾರ್ದು. ಎಲ್ಲರ ಥರ ಚಪ್ಪಾಳೆ ಹೊಡೀಲಿ. ಹೊಡೆದ್ರೆ ಆವತ್ತೇ ನಮ್ಮ ಜೊತೆ ಮನೆಗೆ ಊಟಕ್ಕೆ ಬರ್ತಾಳಂತೆ. ಅಷ್ಟೇರೀ, ಎರಡು ಕೈ ತಟ್ಟೋದು. ನಿಮ್ಮ ಗಂಟೇನೂ ಹೋಗಲ್ಲ."

ಅವನು ಊಟ ಮುಗಿಸಿ ಎದ್ದು ಅಂಗಡಿಗೆ ಹೋದ. ಅಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಎರಡು ಬೆರಳಿನ ಶೋಕಿ ಬಿಟ್ಟು, ಅಂಗೈಗೆ ಅಂಗೈ ಕೊಟ್ಟು ಹೊಡೆದು ನೋಡಿದ. ಅಭ್ಯಾಸ ತಪ್ಪಿ ಸದ್ದು ಬೋಳಾಗಿ ಬಂತು. ಕೈಯನ್ನು ಸ್ವಲ್ಪ ಬಟ್ಟಲು ಮಾಡಿ ಹೊಡೆದಾಗ ಸರಿಯಾಯಿತು. ಅಷ್ಟರಲ್ಲಿ ಗಿರಾಕಿ ಬಂದಳು. ಸೊಳ್ಳೆ ಹೊಡೆಯುತ್ತಿದ್ದೆ ಎಂದ.

ಕಚೇರಿಯ ಸಂಜೆ ಗಂಡಹೆಂಡತಿ ಇಬ್ಬರೂ ಬಂದರು. ಆಕೆ ನೇರವಾಗಿ ಕೊನೆಯ ಸಾಲಿಗೆ ಹೋದಳು. ಅವನ ಪಕ್ಕ ಕೂತರೆ ಉಸಿರಾಡಲೂ ಹೆದರಿಕೆಯಾಗುತ್ತದೆಂದು ಅವಳು ಎಂದೂ ಮುಂದೆ ಕೂತವಳಲ್ಲ. ಅವನು ಎಂದಿನಂತೆ ವರಾಂಡದಲ್ಲಿ ನಿಂತ. ಕಲಾಮಂದಿರದ ಕಾರ್ಯದರ್ಶಿ ಹೆಂಗಸು ಸ್ವಾಗತ ಭಾಷಣ ಮಾಡುವಾಗ ಒಳಗೆ ಕೂರುವುದು ತನ್ನ ಘನತೆಗೆ ಕುಂದು ಎಂಬುದು ಅವನ ವ್ರತ. ಅವಳು ಮಾತು ಮುಗಿಸಿ, ಜನ ಕೈ ತಟ್ಟಿ, ಫ್ಯಾನುಗಳು ನಿಂತ ಮೇಲೇ ಅವನು ಒಳಗೆ ಕಾಲಿಡುವುದು. ಏನು ನುಡಿಸುತ್ತಾರೆಂದು ಗೊತ್ತಿತ್ತು, ಅವನ ಪೆಟ್ಟಿಗೆಯಲ್ಲಿದ್ದ ಕೃತಿಯೇ. ನಾಲ್ಕು ಭಾಗ. ಕೊನೆಯದು ಧಡಧಡನೆ ಓಡಿ ಜೋರಾಗಿ ಮುಗಿಯುತ್ತದೆ. ಅಲ್ಲಿ ಎದ್ದು ನಿಂತು ಹೊಡೆಯುವುದೆಂದು ಅವನು ತೀರ್ಮಾನಿಸಿಕೊಂಡೇ ಬಂದಿದ್ದ.

ಒಳಗೆ ಕಾರ್ಯದರ್ಶಿ ಹೇಳುತ್ತಿದ್ದದ್ದು ಇದು: ಈ ಕೃತಿ ಬರೆದಾತ ಮೂರನೆಯ ಭಾಗ ಮುಗಿಸಿ ತೀರಿಕೊಂಡ. ನಾಲ್ಕನೆಯದು ಆಮೇಲೆ ಅವನ ಶಿಷ್ಯ ಸೇರಿಸಿದ ಬಾಲಂಗೋಚಿ. ನಮ್ಮ ತಂಡ ಇವತ್ತು ಗುರು ನಿಲ್ಲಿಸಿದಲ್ಲೇ ನಿಲ್ಲಿಸುತ್ತದೆ, ಮೂರಕ್ಕೇ ಮುಗಿಯುತ್ತದೆ, ದಯವಿಟ್ಟು ಎಲ್ಲರೂ ನೆನಪಿಡಿ. ಎಲ್ಲರೂ ತಲೆಯಾಡಿಸಿದರು. ವರಾಂಡದಲ್ಲಿದ್ದವನು ಕಂಬಕ್ಕೆ ಒರಗಿ, "ಇವಳ ಬಾಯಿಗೆ ಬೀಗ ಇಲ್ಲ" ಎಂದುಕೊಳ್ಳುತ್ತಿದ್ದ.

ನಾಲ್ವರೂ ಬಂದು ಕೂತರು. ಮಗಳು ಸ್ವಲ್ಪ ಸೊರಗಿದ್ದಳು. ಅಂಚಿನ ಕುರ್ಚಿಯ ಕಡೆ ಒಮ್ಮೆ ನೋಡಿ, ಕಮಾನು ಎತ್ತಿದಳು. ಮೊದಲ ಭಾಗದಲ್ಲಿ ಪಿಟೀಲಿನವರದೇ ಆರ್ಭಟ. ಎರಡನೆಯದರಲ್ಲಿ ವಿಯೋಲದವನು ಒಂದು ಕಡೆ ಎಡವಿ, ಅದು ತಾನಲ್ಲ ಎಂಬ ಮುಖ ಮಾಡಿದ. ಬುಸ್ಸಪ್ಪ ಅದಕ್ಕೆ ಮೂಗು ಮುರಿಯಲಿಲ್ಲ, ಅವನ ಮಟ್ಟಿಗೆ ಅದು ದೊಡ್ಡ ಸಾಧನೆ. ಮೂರನೆಯದು ನಿಧಾನದ ಭಾಗ. ಕೊನೆಗೆ ಬರಬರುತ್ತ ಪಿಟೀಲುಗಳು ನಿಂತವು, ವಿಯೋಲ ನಿಂತಿತು, ಚೆಲ್ಲೊ ಒಂದೇ ಉಳಿಯಿತು. ಮಗಳು ತೀರ ಕೆಳಗಿನ ಒಂದು ಸ್ವರವನ್ನು ಹಿಡಿದು ಎಳೆಯುತ್ತ ಎಳೆಯುತ್ತ ಇಲ್ಲವಾಗಿಸಿದಳು. ಬುಸ್ಸಪ್ಪನ ಕಣ್ಣು ತುಂಬಿ ಬಂತು. ನನ್ನ ಮಗಳು, ಅಂದುಕೊಂಡ. ಇನ್ನೊಂದೇ ಭಾಗ, ಅಂದುಕೊಂಡು ಮಡಿಲಲ್ಲಿ ಕೈಗಳನ್ನು ಬಟ್ಟಲು ಮಾಡಿ ಸಿದ್ಧವಾಗಿಟ್ಟುಕೊಂಡ.

ಆಗ ಕೊನೆಯ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು.

ತನ್ನ ಮಗಳ ಸಂಗೀತದ ನಡುವೆ. ಬುಸ್ಸಪ್ಪನಿಗೆ ನೆತ್ತಿಗೇರಿತು. ಈ ಸಲ ಗದ್ದ ವಾಲಿಸಿದ್ದು ಸಾಲದೆಂದು ಪೂರ್ತಿ ಹಿಂದೆ ತಿರುಗಿ, ಬೆರಳನ್ನು ತುಟಿಗಿಟ್ಟು, ಜೀವಮಾನದ ದೊಡ್ಡ "ಶ್ಶ್" ಬಿಟ್ಟ. ಚಪ್ಪಾಳೆ ಹೊಡೆದಿದ್ದವಳು ಅವನ ಹೆಂಡತಿ. ಇಷ್ಟು ವರ್ಷಗಳ ಅಭ್ಯಾಸ, ಅವಳ ಕೈ ತಾನಾಗಿ ನಿಂತಿತು. ಅವಳ ಜೊತೆಗೆ ಏಳಲಿದ್ದ ಇನ್ನೂ ಹತ್ತಾರು ಕೈಗಳು ಮಡಿಲಿಗೆ ಮರಳಿದವು.

"ಮೂರೇ ಅಂದಿದ್ರಲ್ಲ?" ಎಂದು ಡಾಕ್ಟರ ಹೆಂಡತಿ ಪಿಸುಗುಟ್ಟಿದಳು.

"ಅವರು ಶ್ಶ್ ಅಂದ್ರಲ್ಲ. ಇನ್ನೂ ಇರ್ಬೇಕು, ಸುಮ್ನಿರು" ಎಂದರು ಡಾಕ್ಟರು.

ಒಬ್ಬರಾದರೂ ತಮ್ಮ ಕಿವಿಯಲ್ಲಿ ಕೇಳಿದ್ದನ್ನು ನಂಬಲಿಲ್ಲ. ಓದಿದವರು, ದೇಶ ಸುತ್ತಿದವರು, ಕನ್ನಡಕ ಮಾರುವವನ ಒಂದು ಬುಸ್ಸಿಗೆ ಬಾಲ ಮುದುರಿ ಕೂತರು. ವೇದಿಕೆಯ ಮೇಲೆ ನಾಲ್ವರೂ ಕಾದರು. ಪಿಟೀಲಿನವನು ಬೆವರು ಒರೆಸಿಕೊಂಡ. ಮಗಳು ಅಪ್ಪನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ, ಕಮಾನಿನ ತುದಿಯ ತಿರುಪನ್ನು ಸಡಿಲಿಸಿದಳು.

ನುಡಿಸುವುದು ಬಾಕಿಯಿರುವವರು ಯಾರೂ ಕಮಾನು ಸಡಿಲಿಸುವುದಿಲ್ಲ. ಅಷ್ಟು ಬುಸ್ಸಪ್ಪನಿಗೆ ಗೊತ್ತಿತ್ತು. ಮಗಳು ಎದ್ದು ನಿಂತು, ತುಂಬಿದ ಮೌನಕ್ಕೆ ಬಗ್ಗಿ ನಮಸ್ಕರಿಸಿದಳು. ಉಳಿದ ಮೂವರೂ ಹಾಗೇ ಮಾಡಿದರು. ಬುಸ್ಸಪ್ಪ ಧಡಕ್ಕನೆ ಎದ್ದ. ಕೈ ಬಟ್ಟಲು ಮಾಡುವುದು ಮರೆತು ರಪರಪನೆ ಚಪ್ಪಾಳೆ ಹೊಡೆಯತೊಡಗಿದ, ಒಬ್ಬನೇ.

"ಶ್ಶ್" ಎಂದಿತು ಸಭೆ. ಮೊದಲು ಮೇಷ್ಟ್ರು, ಆಮೇಲೆ ತಾಯಂದಿರು, ಆಮೇಲೆ ಎಲ್ಲರೂ. ಎಷ್ಟು ವರ್ಷದ ಸಿಟ್ಟೋ, ಎಷ್ಟು ಸಂತೋಷವೋ. ಬುಸ್ಸಪ್ಪ ನಿಲ್ಲಿಸಲಿಲ್ಲ. ಕೂತವರೆಲ್ಲ ಬುಸುಗುಡುತ್ತಿದ್ದರು, ನಿಂತವನೊಬ್ಬ ಕೈ ತಟ್ಟುತ್ತಿದ್ದ, ವೇದಿಕೆಯ ಮೇಲೆ ಯಾರೂ ಉಳಿದಿರಲಿಲ್ಲ. ಕೊನೆಗೆ ಕಾರ್ಯದರ್ಶಿ ಓಡಿ ಬಂದು, "ಮುಗೀತು, ಮುಗೀತು, ಮೂರೇ ಅಂತ ಹೇಳಿರ್ಲಿಲ್ವಾ" ಎಂದು ಕಿರುಚಿದಾಗ ಇಡೀ ಸಭೆ ಖಾಲಿ ಕುರ್ಚಿಗಳಿಗೆ ಭಾರೀ ಚಪ್ಪಾಳೆ ಹೊಡೆಯಿತು.

ಅವನು ವೇದಿಕೆಯ ಪಕ್ಕದ ಕೋಣೆಗೆ ಹೋದ. ಮಗಳು ಚೆಲ್ಲೊವನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದಳು. ಹೆಂಡತಿ ಆಗಲೇ ಬಂದು ಮಗಳ ಪಕ್ಕ ನಿಂತಿದ್ದಳು. ಉಳಿದ ಮೂವರು ಇವನನ್ನು ನೋಡಿ ಮೆಲ್ಲಗೆ ಹೊರಗೆ ಜಾರಿದರು.

"ಚೆನ್ನಾಗಿ ನುಡಿಸ್ದೆ" ಎಂದ ಬುಸ್ಸಪ್ಪ.

"ಸಾಕಪ್ಪ" ಎಂದಳು ಅವಳು, ತಲೆ ಎತ್ತದೆ. "ಮೊದಲು ಎಲ್ಲರ ಬಾಯಿ ಮುಚ್ಚಿಸಿದ್ರಿ. ಆಮೇಲೆ ಒಬ್ಬರೇ ಎದ್ದು ಅಣಕ ಮಾಡಿದ್ರಿ. ಇದೂ ಬೇಕಾ?"

"ಅಣಕ ಅಲ್ಲ ಕಣೆ. ನಾಲ್ಕನೇ ಭಾಗ ಇದೆ ಅಂದ್ಕೊಂಡಿದ್ದೆ. ನಿಜವಾಗ್ಲೂ ಹೊಡೆದೆ. ನಿಜವಾಗ್ಲೂ ಚೆನ್ನಾಗಿತ್ತು."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಅಪ್ಪನ ಮುಖವನ್ನು ನೋಡಿದಳು. ತುಟಿಯ ಕೊನೆ, ಹುಬ್ಬು, ಕಣ್ಣು, ಎಲ್ಲಿಯೋ ನಗು ಅಡಗಿರಲೇಬೇಕೆಂದು ಹುಡುಕುವವಳ ಹಾಗೆ ಬಹಳ ಹೊತ್ತು ನೋಡಿದಳು. ಹೆಂಡತಿ, "ಇವರು ನಿಜ ಹೇಳ್ತಿದಾರೆ ಕಣೆ" ಎಂದಳು. ಅವಳ ದನಿಯಲ್ಲೂ ಅಷ್ಟೇನು ಧೈರ್ಯವಿರಲಿಲ್ಲ.

"ನಿಜ ಹೇಳುವಾಗ್ಲೂ ನಿಮ್ಮ ಮುಖ ಹೀಗೇ ಇರುತ್ತಾ ಅಪ್ಪ?" ಎಂದಳು ಮಗಳು. "ನಾನು ಯಾವತ್ತೂ ನೋಡಿಲ್ಲ. ನಂಗೆ ಹೇಗೆ ಗೊತ್ತಾಗ್ಬೇಕು?"

ಅವಳು ಪೆಟ್ಟಿಗೆ ಮುಚ್ಚಿ, ಬೆನ್ನಿಗೇರಿಸಿಕೊಂಡು ಹೊರಟಳು. ಅವಳನ್ನು ಬಿಟ್ಟು ಬರುತ್ತೇನೆಂದು ಹೆಂಡತಿಯೂ ಜೊತೆಗೆ ಮೆಟ್ಟಿಲಿಳಿದಳು. ಮನೆಯಲ್ಲಿ ಮೂವರಿಗೆಂದು ಅಡುಗೆ ಮಾಡಿಟ್ಟಿತ್ತು. ಬುಸ್ಸಪ್ಪ ಬೀಗದ ಕೈ ತಡಕಿಕೊಂಡು ಒಬ್ಬನೇ ಮನೆಯ ದಾರಿ ಹಿಡಿದ.