ರಾವಸ ಹಿಡಿದ ಸಿಸ್ಟರ್

ಸಿಸ್ಟರ್ ಅವರ ಬಲಗೈ ತೋರುಬೆರಳಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಇತ್ತು. ದಾರ ಬಿಗಿದು ಕೊಯ್ದ ಹಾಗೆ, ಎಲುಬಿನವರೆಗೂ ಇಳಿದಂಥ ಗೆರೆ. ಆ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಆದರೂ ಕಮಲಾಪುರದ ಸರಕಾರಿ ಆಸ್ಪತ್ರೆಯಲ್ಲಿ ಅವರಷ್ಟು ಹಗುರವಾಗಿ ಸೂಜಿ ಚುಚ್ಚುವವರು ಬೇರೆ ಯಾರೂ ಇರಲಿಲ್ಲ.

"ಇದೇನಾಗ್ಯಾದ್ರಿ ಸಿಸ್ಟರ್?" ಎಂದು ಪರಿಚಯವಾದ ವಾರದಲ್ಲೇ ಕೇಳಿದ್ದೆ.

"ಒಂದು ಮೀನ ಕಡೀತ್ರಿ ಟೀಚರ್. ಬಾಯಿಲಿಂದಲ್ಲ, ದೂರ ನಿಂತು ಕಡೀತು."

ಎಂಬತ್ತರ ದಶಕದ ನಡುವಿನ ಮಾತು. ಕಮಲಾಪುರದ ಹೈಸ್ಕೂಲಿಗೆ ನಾನು ಹಿಂದಿ ಟೀಚರ್ ಆಗಿ ಬಂದಿದ್ದೆ. ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ಶಾಲೆ ಬಿಟ್ಟ ಮೇಲೆ ಮನೆಗೆ ಮರಳುವ ಬಸ್ಸಿಗೆ ಒಂದು ತಾಸು ಕಾಯಬೇಕಿತ್ತು. ಆ ತಾಸು ಆಸ್ಪತ್ರೆಯ ಹಿಂದಿದ್ದ ಅವರ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕಳೆಯುತ್ತಿತ್ತು. ನನಗೆ ಚಹಾ, ಒಂದು ಕೆಂಪು ಬಾಳೆಹಣ್ಣು ಕೊಟ್ಟು, ಅವರು ಸೆರಗು ಸಿಕ್ಕಿಸಿಕೊಂಡು ಹಿಂದಿನ ಬಯಲಿಗೆ ಇಳಿಯುತ್ತಿದ್ದರು.

ಬಯಲಿನ ನಡುವೆ ಆಸ್ಪತ್ರೆಯವರು ಎಸೆದ ಒಂದು ಹಳೆಯ ಬೇಸಿನ್ ಇಟ್ಟಿದ್ದರು. ಮೂವತ್ತು ಹೆಜ್ಜೆ ಈಚೆ ನಿಂತು, ಸೀಸದ ಗುಂಡು ಕಟ್ಟಿದ ನೈಲಾನ್ ದಾರವನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಡುತ್ತಿದ್ದರು. ಆ ದಾರಕ್ಕೆ ಅವರ ಊರಿನ ಕಡೆ ತಂಗೂಸಿ ಎನ್ನುತ್ತಾರಂತೆ. ಗುಂಡು ಠಣ್ಣನೆ ಬೇಸಿನ್ನಿಗೆ ಬಿದ್ದರೆ ಮುಖ ಅರಳುತ್ತಿತ್ತು. ತಪ್ಪಿದರೆ ಮಾತಿಲ್ಲದೆ ದಾರ ಸುತ್ತಿಕೊಂಡು ಮತ್ತೆ ಎಸೆಯುತ್ತಿದ್ದರು. ಬೇಲಿಯಾಚೆ ಹೋಗುವವರು ನಗುತ್ತಿದ್ದರು: "ನಮ್ಮ ನರ್ಸಬಾಯಿ ಒಣಾ ನೆಲದಾಗ ಮೀನ ಹಿಡೀಲಾಕತ್ತಾರ ನೋಡ್ರಿ!"

"ನೀರ ಇಲ್ಲಂತ ಕೈ ಮರ್ತಬಿಟ್ರ ಹ್ಯಾಂಗ್ರಿ?" ಎಂದು ಅವರೂ ನಗುತ್ತಿದ್ದರು.

ಅವರು ಅಂಕೋಲೆಯ ಆಚೆ, ಹೊಳೆ ಬಂದು ಸಮುದ್ರ ಸೇರುವ ಅಳಿವೆಯ ಬದಿಯವರು. ತಂದೆ ದೋಣಿಯವರು. ಮಗಳಿಗೆ ಗಾಳ ಹಾಕುವುದನ್ನು ಕಲಿಸಿದ್ದರು. ಮಳೆಗಾಲ ಮುಗಿದ ಮೇಲೆ ರಾವಸ ಮೀನು ಭರತದ ಏರುನೀರಿನ ಜೊತೆ ಅಳಿವೆಗೆ ನುಗ್ಗುತ್ತದೆ. ಸಿಸ್ಟರ್‌ಗೆ ಹದಿನಾರು ವರ್ಷವಿದ್ದಾಗ ಅವರ ಗಾಳಕ್ಕೆ, ಆ ಊರಿನವರು ಕಂಡರಿಯದಷ್ಟು ದೊಡ್ಡ ರಾವಸ ಸಿಕ್ಕಿತ್ತು.

"ಬಿಡು, ಬಿಡು, ದಾರ ಬಿಡು ಅಂತ ಅಪ್ಪ ಒದರ್ಲಾಕತ್ತಿದ್ದ. ಮೀನ ಓಡೂ ಮುಂದ ಓಡಾಕ ಬಿಡಬೇಕ್ರಿ, ನಿಂತಾಗ ಜಗ್ಗಬೇಕು. ನಾ ಬಿಡ್ಲಿಲ್ಲ. ಬೆರಳಿಗೆ ಸುತ್ತಿಕೊಂಡು ನಿಂತೆ. ಬೆರಳು ಕೊಯ್ತು, ದಾರ ಹರೀತು, ಮೀನ ಹೋತು."

ಅಪ್ಪ ಬೈಯಲಿಲ್ಲವಂತೆ. ತಲೆಯ ಟವೆಲ್ ಹರಿದು ಬೆರಳಿಗೆ ಕಟ್ಟುತ್ತ, "ಬರೂ ವರ್ಷ ಅದೇ ಮೀನು ಬತ್ತದೆ, ಅಷ್ಟೊತ್ತಿಗೆ ನಿನ್ನ ಬೆರಳೂ ಗುಣ ಆಗ್ತದೆ" ಎಂದರಂತೆ. ಮುಂದಿನ ಮಳೆಗಾಲದಲ್ಲಿ ಅವರ ದೋಣಿ ಮರಳಲಿಲ್ಲ. ತಾಯಿ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯ ಅಣ್ಣನ ಮನೆ ಸೇರಿದರು. ಮನೆಯಿದ್ದ ಜಾಗ ಬೇರೆಯವರ ಪಾಲಾಯಿತು. ಮಗಳು ನರ್ಸಿಂಗ್ ಕಲಿತು ನಮ್ಮ ಸೀಮೆಗೆ ಬಂದರು. ತಾಯಿಯೂ ಹೋದ ಮೇಲೆ ಅವರಿಗೆ ಹೇಳಿಕೊಳ್ಳಲು ಯಾರೂ ಉಳಿಯಲಿಲ್ಲ. ಮದುವೆಯಾಗಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

"ಒಂದ್ಸಲ ಹೋಗಿ ಬರ್ರಿ ಸಿಸ್ಟರ್," ಎಂದು ಪ್ರತಿ ವರ್ಷ ಹೇಳುತ್ತಿದ್ದೆ.

"ಯಾರ ಮನಿಗಿ ಹೋಗ್ಲಿರಿ? ಹುಟ್ಟಿದ ಊರಾಗ ಲಾಡ್ಜಿನಾಗ ಇಳೀಬೇಕೇನು?"

ಇಷ್ಟು ಹೇಳಿ ಅವರು ಮತ್ತೆ ಬಯಲಿಗೆ ಇಳಿಯುತ್ತಿದ್ದರು.

ಹೀಗೆ ಹದಿನೈದು ವರ್ಷ ಹೋಯಿತು. ನನಗೆ ಕಲಬುರಗಿಗೆ ವರ್ಗವಾಯಿತು. ಅವರು ರಿಟೈರ್ ಆಗಿ ಜೇವರ್ಗಿ ಕಾಲೋನಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಕುಂತರು. ಒಂದು ದಿನ ಬೆಳಗ್ಗೆ ನಾನು ತುಳಸಿಗೆ ನೀರು ಹಾಕುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಬಟ್ಟೆಯ ಚೀಲ.

"ಟೀಚರ್, ಲಾಡ್ಜಿನಾಗೇ ಇಳಿಯೋಣು. ನಡೀರಿ."

ನಮ್ಮದು ವೈಷ್ಣವರ ಮನೆ. ಉಳ್ಳಾಗಡ್ಡಿ ಕೂಡ ಒಳಗೆ ಬರುತ್ತಿರಲಿಲ್ಲ. ಅತ್ತೆಯವರಿಗೆ ಉಡುಪಿಗೆ ಹೋಗುತ್ತೇನೆಂದು ಹೇಳಿದೆ. ನಲವತ್ತೈದು ದಾಟಿದ ಮೇಲೆ, ಮೀನಿಗಾಗಿ ಹೇಳಿದ ಸುಳ್ಳು ಅದು. ಬಸ್ಸಿನಲ್ಲಿ ಅವರ ಪಾದಗಳು ಬಾತುಕೊಂಡಿದ್ದವು. ದೂರದ ಪ್ರಯಾಣ, ಅದಕ್ಕೇ ಎಂದುಕೊಂಡೆ.

ಸಮುದ್ರ ನೋಡಿದ್ದು ನಾನು ಅದೇ ಮೊದಲು. ಅವರು ನೋಡಲೂ ಇಲ್ಲ; ಮರಳ ಮೇಲೆ ಕುಂತು, ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು, ಬರೀ ಸಪ್ಪಳ ಕೇಳಿದರು.

ಎರಡು ದಿನ ಏನೂ ಸಿಗಲಿಲ್ಲ. ಮೂರನೆಯ ದಿನ ಬೆಳಗ್ಗೆ ನೀರು ಏರುವ ಹೊತ್ತಿಗೆ ಜೀವಂತ ಸಿಗಡಿ ಸಿಕ್ಕಿಸಿ ಎಸೆದರು. ಕಮಲಾಪುರದ ಬೇಸಿನ್ನಿಗೆ ಎಸೆಯುತ್ತಿದ್ದರಲ್ಲ, ಹಾಗೆಯೇ. ಸ್ವಲ್ಪ ಹೊತ್ತಿಗೆ ಅವರ ಕೈಯಲ್ಲಿದ್ದ ದಾರ ಸರ್ರನೆ ಓಡಿತು. ಅವರು ಬಿಟ್ಟರು. ಓಡಿದಷ್ಟೂ ಬಿಟ್ಟರು. ಮೀನು ನಿಂತಾಗ ಮೊಳ ಮೊಳವಾಗಿ ಜಗ್ಗಿದರು. ಮತ್ತೆ ಓಡಿತು, ಮತ್ತೆ ಬಿಟ್ಟರು. ಮರಳಗುಂಟ ಅವರ ಹಿಂದೆ ನಾನೂ ನಡೆದೆ. ಅರ್ಧ ತಾಸಾದ ಮೇಲೆ ಅವರ ತೋಳು ನಡುಗತೊಡಗಿತು. ಉಸಿರು ಸಿಗುತ್ತಿರಲಿಲ್ಲ.

"ಟೀಚರ್, ನನ್ನ ಕೈಲಾಗೂದಿಲ್ಲ. ನೀವು ನೀರಿಗಿಳೀರಿ."

"ನಾನಾ? ನಾ ಹ್ಯಾಂಗ ಮುಟ್ಲಿರಿ ಸಿಸ್ಟರ್!"

"ಬಾಯಾಗ ಕೈ ಹಾಕಬ್ಯಾಡ್ರಿ. ಗಲ್ಲದ ಬಾಜೂಕ ಕಿವಿರು ಇರ್ತಾವ, ಅದರೊಳಗ ಹಾಕ್ರಿ. ತೆರಿ ಒಳಗ ಬರೂ ಮುಂದ ಅದರ ಜೋಡಿ ಎಳೀರಿ. ವಾಪಸ್ ಹೋಗೂ ತೆರಿಗಿ ಎದುರು ಜಗ್ಗಿದ್ರ ದಾರ ಹರೀತದ."

ಸೀರೆ ಕಚ್ಚೆ ಕಟ್ಟಿ ಇಳಿದೆ. ಸೊಂಟದವರೆಗೆ ನೀರು. ಬಂಗಾರದ ಬಣ್ಣ ಬೆರೆತ ಬೆಳ್ಳಿಯಂಥ ಮೈ ನನ್ನ ಕಾಲಿಗೆ ಬಂದು ಬಡಿಯಿತು. ಗದ್ದದ ಕೆಳಗೆ ಮೀಸೆಯಂಥ ಎಳೆಗಳು, ಕಣ್ಣಿನ ಮೇಲೆ ಗಾಜಿನಂಥ ಪೊರೆ. ಆ ಕಣ್ಣು ನೋಡಿ ಕೈ ಹಿಂದಕ್ಕೆ ಬಂತು. ದಂಡೆಯಿಂದ ಅವರು ಕೂಗಿದರು. ಇಷ್ಟು ವರ್ಷ ನನ್ನೊಂದಿಗೆ ನಮ್ಮ ಕಲಬುರಗಿ ಮಾತನ್ನೇ ಆಡಿದವರು ಆಗ ತಮ್ಮ ಊರಿನ ಮಾತಿನಲ್ಲಿ ಕೂಗಿದರು: "ತೆರೆ ಬಂತು, ತೆರೆ ಬಂತು! ಬಿಡ್ಬೇಡ್ವೇ, ಎಳಿಯೇ!"

ಕಿವಿರಿಗೆ ಕೈ ಹಾಕಿ ಎಳೆದೆ. ತೆರೆ ನನ್ನನ್ನೂ ಮೀನನ್ನೂ ಒಟ್ಟಿಗೆ ಮರಳ ಮೇಲೆ ಒಗೆಯಿತು. ಆರು ವರ್ಷದ ಮಗುವಿನಷ್ಟು ಉದ್ದದ ಮೀನು. ಸಿಸ್ಟರ್ ಅದರ ಪಕ್ಕದಲ್ಲಿ ಅಂಗಾತ ಬಿದ್ದುಕೊಂಡು ನಗುತ್ತಿದ್ದರು, ಅಳುತ್ತಿದ್ದರು. ನಾನು ಕೈ ವಾಸನೆ ನೋಡಿಕೊಂಡು ಒಮ್ಮೆ ಓಕರಿಸಿ, ಆಮೇಲೆ ನಗತೊಡಗಿದೆ.

ಅಷ್ಟು ದೊಡ್ಡ ಮೀನನ್ನು ಏನು ಮಾಡುವುದು? ಮೀನುಗಾರರಿಬ್ಬರು ಅದನ್ನು ತುಂಡು ಮಾಡಿಕೊಟ್ಟರು. ಸಿಸ್ಟರ್ ಬುಟ್ಟಿ ಹಿಡಿದು, ತಾವು ಹುಟ್ಟಿದ ಓಣಿಯಲ್ಲಿ ಮನೆ ಮನೆಗೂ ಒಂದೊಂದು ತುಂಡು ಕೊಡುತ್ತ ನಡೆದರು. ಯಾರಿಗೂ ಅವರ ಗುರುತು ಹತ್ತಲಿಲ್ಲ. ಕೊನೆಯ ಮನೆಯ ಅಜ್ಜಿ ಮಾತ್ರ ತುಂಡು ತೆಗೆದುಕೊಳ್ಳದೆ ಅವರ ಮುಖವನ್ನೇ ನೋಡಿದಳು.

"ಯಾರ ಮಗಳೇ ನೀನು?"

ಅವರು ತಂದೆಯ ಹೆಸರು ಹೇಳಿದರು. ಅಜ್ಜಿ ಹೊಸ್ತಿಲಲ್ಲೇ ಕುಸಿದು ಕುಂತಳು. ಆಕೆಯ ಗಂಡ ಅದೇ ದೋಣಿಯಲ್ಲಿ ಹೋದವನಂತೆ.

"ಎಲ್ಲಿ ಇಳದೀರಿ?"

"ಲಾಡ್ಜಲ್ಲಿ."

"ನಾನು ಇರೂವಾಗ ಲಾಡ್ಜು ಎಂತಕೆ? ಹೋಗಿ ಚೀಲ ತಕಂಬಾ."

ಆ ದಿನ ಅಜ್ಜಿ, ಆಕೆಯ ಸೊಸೆ ಸೇರಿ ನನಗೆ ಬೇರೆ ಗಡಿಗೆಯಲ್ಲಿ ಅನ್ನ, ಮುರುಗಲ ಹಣ್ಣಿನ ಸಾರು ಮಾಡಿದರು. ಸಿಸ್ಟರ್ ಅಜ್ಜಿಯ ಪಕ್ಕ ಕುಂತು ರಾವಸದ ಸಾರು ಉಂಡರು. ಉಣ್ಣುತ್ತಿದ್ದವರು ನಡುವೆ ನಿಲ್ಲಿಸಿ, "ಅಪ್ಪ ಹೇಳಿದ್ದನ್ರಿ, ಅದೇ ಮೀನ ಬರ್ತದಂತ" ಎಂದರು. ಆಮೇಲೆ ಇನ್ನೊಂದು ತುತ್ತು ಕಲಸಿದರು.

ಕಲಬುರಗಿಗೆ ಬಂದ ಮೇಲೆ ಕ್ಲಿನಿಕ್ಕಿನ ಡಾಕ್ಟರಿಂದ ನನಗೆ ತಿಳಿಯಿತು: ಅವರ ಎರಡೂ ಕಿಡ್ನಿ ಕೈಕೊಟ್ಟಿದ್ದವು, ಅದು ಅವರಿಗೆ ಮೊದಲೇ ಗೊತ್ತಿತ್ತು. ಕೇಳಿದ್ದಕ್ಕೆ, "ಹೇಳಿದ್ರ ನೀವು ದವಾಖಾನಿಗಿ ಒಯ್ತಿದ್ರಿ, ಸಮುದ್ರಕ್ಕಲ್ಲ" ಎಂದರು. ಯುಗಾದಿಗೆ ಮುಂಚೆ, ಒಂದು ಮಧ್ಯಾಹ್ನ, ನಾನು ಗಂಜಿ ಕಾಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅಂದಿನಿಂದ ನಾನು ಪ್ರತಿ ಚಳಿಗಾಲ ಆ ಊರಿಗೆ ಹೋಗುತ್ತೇನೆ. ಮನೆಯಲ್ಲಿ ಈಗ ಸುಳ್ಳು ಹೇಳುವುದಿಲ್ಲ. ಅಜ್ಜಿಯೂ ಇಲ್ಲ; ಆಕೆಯ ಸೊಸೆ ನನಗಾಗಿ ಒಂದು ಹೊಸ ಗಡಿಗೆ ತೆಗೆದಿಟ್ಟಿರುತ್ತಾಳೆ. ನನಗೆ ಗಾಳ ಹಾಕಲು ಬರುವುದಿಲ್ಲ, ಕಲಿಯಬೇಕೆಂದೂ ಇಲ್ಲ. ಬೆಳಗ್ಗೆ ನೀರು ಏರುವ ಹೊತ್ತಿಗೆ ಅಳಿವೆಯ ಬದಿ ನಿಂತು ನೋಡುತ್ತೇನೆ. ಯಾರದೋ ದಾರ ಓಡುತ್ತದೆ, ಯಾರೋ "ಬಿಡು, ಬಿಡು" ಎಂದು ಕೂಗುತ್ತಾರೆ. ಸಿಸ್ಟರ್ ಇದ್ದಿದ್ದರೆ ಈಗ ಏನು ಹೇಳುತ್ತಿದ್ದರು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ಅವರ ಬಾಯಿಂದಲೇ ಕೇಳಬೇಕು ಅನಿಸುತ್ತದೆ.